ನಮ್ಮಣ್ಣ ಬಿಡಿಸಿದ ಗಾಳಿ

ನಮ್ಮಣ್ಣ ಕೆಂಪಸಿದ್ದಯ್ಯನ ಕೈಯಲ್ಲಿ ನಾನು ತಿಂದಷ್ಟು ಏಟನ್ನು ಅವನ ಎತ್ತುಗಳೂ ತಿಂದಿರಲಿಲ್ಲ. 'ದಂಡಂ ದಶಗುಣಂ' ಎನ್ನುವುದೊಂದೇ ಅವನಿಗೆ ಬರುತ್ತಿದ್ದ ಸಂಸ್ಕೃತ. ಅಪ್ಪ ಸತ್ತ ಮೇಲೆ ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ನೇಗಿಲು ಹಿಡಿದು ನನ್ನನ್ನು ಓದಿಸಿದವನು ಅವನೇ.

೧೯೩೬ರಲ್ಲಿ ಪೂರಿಗಾಲಿಯಿಂದ ಮೈಸೂರಿಗೆ ಇಂಟರ್‌ಮೀಡಿಯೆಟ್ ಓದಲು ಹೋದವನು ನಾನೊಬ್ಬನೇ. ಹಾಸ್ಟೆಲಿನಲ್ಲಿ ಎರಡು ಹೊತ್ತೂ ಅನ್ನ. ಮುದ್ದೆಯಿಲ್ಲ, 'ಬಾರ್ಲಾ' ಎಂದು ಕರೆಯುವವರಿಲ್ಲ. ಅರ್ಧ ಊಟ ಬಿಟ್ಟು ಏಳುತ್ತಿದ್ದೆ. ಇಪ್ಪತ್ತನೇ ದಿನ ಬನ್ನೂರಿನ ರಸ್ತೆ ಹಿಡಿದು ನಡೆದುಕೊಂಡೇ ಊರು ಸೇರಿದೆ.

ವಾರ ಕಳೆದರೂ ನಾನು ಮೂಲೆ ಬಿಟ್ಟು ಏಳಲಿಲ್ಲ. ಮೈಸೂರಿನ ಹೆಸರೆತ್ತಿದರೆ ಅಳು ಬರುತ್ತಿತ್ತು. ಸೋಮವಾರ ಹಾಜರಾಗದಿದ್ದರೆ ಹೆಸರು ಹೊಡೆದುಹಾಕುತ್ತೇವೆಂದು ಕಾಲೇಜಿನಿಂದ ಕಾಗದ ಬಂತು. ನಮ್ಮವ್ವ ಚಿಕ್ಕಮಾದಮ್ಮ, "ಮಗೀಗೆ ದಾರೀಲಿ ಗಾಳಿ ಮೆಟ್ಟೈತೆ" ಎಂದು ತೀರ್ಮಾನಿಸಿ, ದೆವ್ವ ಬಿಡಿಸುವ ಹೊನ್ನಯ್ಯನನ್ನು ಕರೆಸಿದಳು.

ಹೊನ್ನಯ್ಯ ನನ್ನನ್ನು ಜಗಲಿಯ ಕಂಬಕ್ಕೆ ಕಟ್ಟಿ, ಬೇವಿನ ಬರಲಿನಿಂದ ಬಾರಿಸತೊಡಗಿದ.

"ಯಾರ್ಲಾ ನೀನು? ಬುಟ್ಟೋಯ್ತೀಯೋ ಇಲ್ವೋ?"

ನಾನು ಹಲ್ಲು ಕಚ್ಚಿ ಕೂತೆ. ಬಾಯಿ ಬಿಟ್ಟರೆ ದೆವ್ವ ಹೋಯಿತೆಂದು ಮೈಸೂರಿಗೆ ಅಟ್ಟುತ್ತಾರೆ, ದೆವ್ವ ಇದ್ದರೆ ಊರಲ್ಲೇ ಇರಬಹುದು. ಅದಕ್ಕಾಗಿ ಎಷ್ಟು ಏಟು ಬೇಕಾದರೂ ತಿನ್ನಲು ನಾನು ತಯಾರಿದ್ದೆ.

ನೋಡುತ್ತ ನಿಂತಿದ್ದ ಅಣ್ಣ ಇದ್ದಕ್ಕಿದ್ದಂತೆ ಹೊನ್ನಯ್ಯನ ಕತ್ತು ಹಿಡಿದು ಆಚೆ ನೂಕಿದ. ಬಾರುಕೋಲು ತಂದ. ಮೊದಲನೇ ಏಟಿಗೆ ಅಂಗಿ ಹರಿಯಿತು, ಎರಡನೆಯದಕ್ಕೆ ಬೆನ್ನು. ಅಡ್ಡ ಬಂದ ಅವ್ವನ ಮೊಣಕೈಗೂ ಬಿತ್ತು. ಅವನು ನಿಲ್ಲಿಸಲಿಲ್ಲ. ಇವನು ನನ್ನನ್ನು ಕೊಂದೇಬಿಡುತ್ತಾನೆ ಎನಿಸಿತು. ರಕ್ತ ಪಂಚೆಗಿಳಿದಾಗ ನಾನು ಸೋತೆ.

"ಓಯ್ತೀನಿ, ಬುಡಣ್ಣ. ಮೈಸೂರ್ಗೆ ಓಯ್ತೀನಿ."

ದೆವ್ವ ಬಿಟ್ಟಿತೆಂದು ಅವ್ವ ಕೈಮುಗಿದಳು. ಹೊನ್ನಯ್ಯ ಮಾತ್ರ ನಾಚಿಕೆಯಿಲ್ಲದೆ ದೆವ್ವ ಬಿಡಿಸಿದ ಕೂಲಿಯೆಂದು ಕೋಳಿ ಕೇಳಿ ತೆಗೆದುಕೊಂಡು ಹೋದ.

ಭಾನುವಾರ ಮಳವಳ್ಳಿಯವರೆಗೂ ಅಣ್ಣ ಗಾಡಿ ಹೊಡೆದ. ಬೆನ್ನು ಒರಗಿಸಲಾಗದೆ ನಾನು ಹೊರಡಲು ನಿಂತಿದ್ದ ಮೈಸೂರಿನ ಬಸ್ಸಿನಲ್ಲಿ ಮುಂದಕ್ಕೆ ಬಾಗಿ ಕೂತೆ. ಅವನ ಮೇಲೆ ಕೊಲ್ಲುವಷ್ಟು ಸಿಟ್ಟಿತ್ತು.

"ಗಾಳಿ ಇಲ್ಲ ಅಂತ ನಿಂಗೊತ್ತಿತ್ತು ಅಲ್ವಾ?"

"ಗೊತ್ತಿತ್ತು."

"ಮತ್ಯಾಕೆ ಅಂಗೆ ಒಡ್ದೆ?"

ಅವನು ಹೊರಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡ.

"ನೀ ಮೈಸೂರ್ಗೋದಾಗಿಂದ ನಂಗೂ ಮನೇಲಿ ಇರಕ್ಕಾಯ್ತಿರ್ನಿಲ್ಲ ಕಣ್ಲಾ. ಇನ್ನೊಂದಿನ ನೀನು ಕಣ್ಮುಂದೆ ಕೂತಿದ್ದಿದ್ರೆ, ಓಗ್ಬೇಡ ಅಂತ ನಾನೇ ಅಂದ್ಬುಡ್ತಿದ್ದೆ."