ಚನ್ನಬಸವ್ವನ ಖಾನಾವಳಿಯ ಇಬ್ಬರು ಕೌಂಟರು

ಅಮೆರಿಕದ ನೆವಾರ್ಕಿನಲ್ಲಿ ರೊಟ್ಟಿ ಖಾನಾವಳಿ ತೆರೆಯುವ ಮೊದಲು ಚನ್ನಬಸವ್ವ ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಇಲ್ಲಿಗೆ ಬಂದ ಮೇಲೂ ಆ ಚಟ ಹೋಗಲಿಲ್ಲ. ಗಿರಾಕಿ ಯಾವ ಊರಿನವನೆಂದು ಕೇಳಿ, ಆ ಊರಿನ ರಾಜರ ವಿಷಯ ಹೇಳಿಸದೆ ಎರಡನೆಯ ರೊಟ್ಟಿ ಹಾಕುತ್ತಿರಲಿಲ್ಲ.

ಮೊಣಕಾಲು ನೋವು ಹೆಚ್ಚಾದ ವರ್ಷ ಖಾನಾವಳಿಯನ್ನು ಅವಳಿ ಮಕ್ಕಳಾದ ಶ್ರೀಕಂಠ, ನೀಲಕಂಠರಿಗೆ ಒಟ್ಟಿಗೇ ಒಪ್ಪಿಸಿದರು. ಗಲ್ಲಾದ ಹಿಂದೆ ಇದ್ದದ್ದು ಒಂದೇ ಕುರ್ಚಿ. ಒಬ್ಬ ಎಣಗಾಯಿಗೆ ಖಾರ ಕಡಿಮೆ ಮಾಡಿಸಿದರೆ ಇನ್ನೊಬ್ಬ ಮರುದಿನ ದುಪ್ಪಟ್ಟು ಹಾಕಿಸುತ್ತಿದ್ದ. ಪಾಪ, ಬೆವರುತ್ತಿದ್ದವರು ಗಿರಾಕಿಗಳು.

ಆಗ ಬಾರ್ಸಿಲೋನಾ ಕಡೆಯ ಜೋರ್ದಿ ಎಂಬ ಎಂಜಿನಿಯರು ಊಟಕ್ಕೆ ಬಂದು ತನ್ನ ನಾಡಿನ ಕಥೆ ಹೇಳಿ ಹೋದ. ಸಂಜೆ ಚನ್ನಬಸವ್ವ ಮಕ್ಕಳನ್ನು ಕೂರಿಸಿಕೊಂಡರು.

"ಸಾವಿರ ವರ್ಷಕ್ಕ ಹತ್ರ ಆತು. ಅಲ್ಲಿ ಆಳೂ ದೊರಿಗೆ ಕೌಂಟ್ ಅಂತಿದ್ರಂತ. ಒಬ್ಬ ಕೌಂಟಗ ಅವಳಿ ಮಕ್ಕಳು. ಒಬ್ಬಂವ ರಮೋನ್ ಬೆರೆಂಗೇರ್, ಇನ್ನೊಬ್ಬಂವ ಬೆರೆಂಗೇರ್ ರಮೋನ್."

"ಹೆಸರಿಗೂ ಬಡತನ ಏನವ್ವಾ?" ಎಂದ ನೀಲಕಂಠ.

"ಸುಮ್ನ ಕೇಳು. ಅಪ್ಪ ನಾಡು ಇಬ್ಬರಿಗೂ ಕೂಡಿಸಿ ಬಿಟ್ಟುಹೋದ. ಜಗಳ ಆತು. ಕಡೀಕ ಅರಮನಿಯೊಳಗ ಅರ್ಧ ವರ್ಷ ಅಂವ, ಅರ್ಧ ವರ್ಷ ಇಂವ ಇರೂದು ಅಂತ ಒಪ್ಪಂದ ಮಾಡ್ಕೊಂಡ್ರು."

ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ, ಕಥೆ ಮುಗಿಯುವ ಮೊದಲೇ ಎದ್ದು ಕ್ಯಾಲೆಂಡರ್ ಇಳಿಸಿದರು. ಯುಗಾದಿಯಿಂದ ಶ್ರೀಕಂಠನ ಆಳ್ವಿಕೆ, ದಸರೆಯಿಂದ ನೀಲಕಂಠನದು.

ದೀಪಾವಳಿಯವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಹಬ್ಬದ ಕರದಂಟಿನ ಆರ್ಡರು, ಫೋಟೋ, ಹೊಗಳಿಕೆಗಳೆಲ್ಲ ನೀಲಕಂಠನ ಪಾಲಿಗೆ ಬಂದಾಗ ಶ್ರೀಕಂಠ ಮಾತು ಬಿಟ್ಟ. ಅಣ್ಣನನ್ನು ಒಲಿಸಿಕೊಳ್ಳಲು ನೀಲಕಂಠ, "ಸಂಡೇ ಗುಡ್ಡದ ಕಾಡಿಗೆ ಹೈಕಿಗೆ ಹೋಗೂಣು ಬಾ, ನಾವಿಬ್ಬರ" ಎಂದು ಕರೆದ.

ಭಾನುವಾರ ಶೂ ಕಟ್ಟಿಕೊಳ್ಳುತ್ತ ಶ್ರೀಕಂಠ ಸುಮ್ಮನೆ ಕೇಳಿದ: "ಅವ್ವಾ, ಆಮ್ಯಾಲ ಆ ಕೌಂಟರು ಏನಾದ್ರು?"

"ಅದನ್ನ ಹೇಳೂದ್ರೊಳಗ ಎದ್ದು ಹೋದ್ರಲ್ಲಾ. ರಮೋನ್ ಬ್ಯಾಟಿಗೆ ಹೋದಾಗ ಕಾಡಿನ್ಯಾಗ ಕೊಲಿಯಾದ್ನಂತ. ತಮ್ಮನ ಮಾಡ್ಸಿದ ಅಂತ ಊರೆಲ್ಲ ಆಡ್ಕೊಂತು."

ಶ್ರೀಕಂಠ ಕಟ್ಟಿದ ಶೂ ಬಿಚ್ಚತೊಡಗಿದ. "ನಂಗ್ಯಾಕೋ ಮೊಣಕಾಲು ನೋವು."

"ಅದು ನನ್ನ ನೋವು. ನಡೀರಿ, ನಾನೂ ಬರ್ತೇನಿ," ಎಂದು ಚನ್ನಬಸವ್ವ ಸೀರೆಯ ಕೆಳಗೆ ಸ್ನೀಕರ್ಸ್ ತೊಟ್ಟರು.

ಗುಡ್ಡದ ಬುಡದ ಮೊದಲ ಬೆಂಚಿಗೇ ಅವರ ಹೈಕ್ ಮುಗಿಯಿತು. ಮೂವರೂ ರೊಟ್ಟಿಯ ಬುತ್ತಿ ಬಿಚ್ಚಿದರು.

"ತಮ್ಮ ಏನಾದ?" ನೀಲಕಂಠ ಮೆಲ್ಲಗೆ ಕೇಳಿದ.

"ಕೆಲವು ವರ್ಷ ಒಬ್ಬನ ಆಳಿದ. ಆಮ್ಯಾಲ ನಾಡು ಬಿಟ್ಟು ಜೆರುಸಲೇಮ್ ಕಡೆ ಹೋದ. ಪಟ್ಟ ಸತ್ತಂವನ ಮಗಗ ಬಂತು."

ನೀಲಕಂಠ ರೊಟ್ಟಿ ಮುರಿದ. "ಒಬ್ಬನ ಕುಂತು ಬ್ಯಾಸರ ಆಗಿರಬೇಕು ಅವಗ," ಎಂದ. "ನನಗೂ ಆಗೇದ."

ಶ್ರೀಕಂಠ ತನ್ನ ಪಾಲಿನ ಶೇಂಗಾ ಚಟ್ನಿಯನ್ನು ತಮ್ಮನ ರೊಟ್ಟಿಗೆ ಸುರಿದ.

ಮರುದಿನ ಇಬ್ಬರೂ ಸೇರಿ ಗಲ್ಲಾದ ಹಿಂದೆ ಉದ್ದನೆಯ ಬೆಂಚೊಂದನ್ನು ಹಾಕಿದರು. ಅದರ ಮೇಲೆ ಕೂತು ಇವತ್ತಿಗೂ ದಿನವಿಡೀ ಜಗಳವಾಡುತ್ತಾರೆ. ಒಬ್ಬ ರಜೆ ಹಾಕಿದ ದಿನ ಇನ್ನೊಬ್ಬನಿಗೆ ಊಟ ಸೇರುವುದಿಲ್ಲ.