ಲಾಟರಿ ಹಾಳೆ ಹಿಡಿದು ತಜ್ಞರಿಗೆ ಪಾಠ ಹೇಳಿದ ನರ್ಸ್

ಬೆಳಿಗ್ಗೆ ಐದೂವರೆ. ಬುನ್ಲಾ ಅವರ ಮನೆಯ ಕೋಣೆಯಲ್ಲಿ ಫ್ಯಾನ್ ನಿಲ್ಲಿಸಿದ್ದಾರೆ, ಕಿಟಕಿ ಮುಚ್ಚಿದ್ದಾರೆ, ನಾಯಿ ಹೊರಗೆ ಮುನಿಸಿಕೊಂಡು ಕೂತಿದೆ. ಎಪ್ಪತ್ತೊಂದು ವರ್ಷದ ಬುನ್ಲಾ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡು ಮಂಚದ ಮೇಲಿದ್ದಾರೆ. ಅವರ ಹೊಟ್ಟೆಯಿಂದ ಬಂದ ಮೆದು ನಳಿಕೆಯಲ್ಲಿ ನೀರು ಇಳಿದು ನೆಲದ ಮೇಲಿನ ಚೀಲ ತುಂಬುತ್ತಿದೆ. ಕೆಟ್ಟುಹೋದ ಮೂತ್ರಪಿಂಡಗಳ ಕೆಲಸವನ್ನು ಈಗ ಈ ನೀರೇ ಮಾಡಬೇಕು. ದಿನಕ್ಕೆ ನಾಲ್ಕು ಸಲ ಎರಡೆರಡು ಲೀಟರ್ ಹೊಟ್ಟೆಯೊಳಗೆ ಹೋಗಿ, ಕೆಲವು ಗಂಟೆ ಇದ್ದು, ಮೈಯ ಕಶ್ಮಲ ಹೊತ್ತು ಹೊರಗೆ ಬರುತ್ತದೆ.

ಚೀಲ ತುಂಬಿದ ಮೇಲೆ ನರ್ಸ್ ಪ್ರನೋಮ್ ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆಯುತ್ತಾರೆ. ಲಾಟರಿ ಫಲಿತಾಂಶದ ಹಾಳೆ. ಸಾಸಿವೆ ಗಾತ್ರದ ಅಂಕಿಗಳು ಇರುವೆ ಸಾಲಿನ ಹಾಗೆ ತುಂಬಿಕೊಂಡಿವೆ. ಅದನ್ನು ನೆಲಕ್ಕೆ ಹಾಸಿ, ಮೇಲೆ ಚೀಲ ಇಡುತ್ತಾರೆ.

"ಓದಿ ಪೋ, ಕೊನೇ ಸಾಲು."

ಬುನ್ಲಾ ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಅಂಕಿ ಓದುತ್ತಾರೆ. ಆರೂ ಸರಿ. "ನನಗೆ ಹೊಡೀದೇ ಇರೋ ನಂಬರನ್ನ ದಿನಾ ನಾಲ್ಕು ಸಲ ನನ್ ಬಾಯಲ್ಲೇ ಓದಿಸ್ತಾಳಲ್ಲ ಈ ಮೊ! ಹಿಂದಿನ ಜನ್ಮದಲ್ಲಿ ಏನ್ ಹಗೆ ಇತ್ತೋ" ಎಂದು ಗೊಣಗುತ್ತಾರೆ. ಥಾಯ್ಲೆಂಡಿನ ಈ ಕಡೆ ಹಿರಿಯ ಗಂಡಸರೆಲ್ಲ ಪೋ, ಅಂದರೆ ಅಪ್ಪ. ಸೂಜಿ ಹಿಡಿದವರೆಲ್ಲ ಮೊ, ಅಂದರೆ ಡಾಕ್ಟರು. ಹೆಂಗಸರು ವಯಸ್ಸಾದರೆ ಮೇ, ಅಮ್ಮ.

"ಓದೋಕೆ ಬಂತಲ್ಲ, ಅದೇ ನಿಮ್ ಲಾಟರಿ. ಬಾಯಿ ಮುಚ್ಕೊಂಡು ಕೈ ತೊಳ್ಕೊಳ್ಳಿ" ಎನ್ನುತ್ತಾರೆ ಪ್ರನೋಮ್.

ಅಂಕಿ ಸ್ಪಷ್ಟವಾಗಿ ಕಂಡರೆ ನೀರು ತಿಳಿ. ಮಸುಕಾದರೆ ಹೊಟ್ಟೆಯೊಳಗೆ ಸೋಂಕು ಶುರುವಾಗಿದೆ, ಆ ಗಳಿಗೆಯೇ ಚೀಲದ ಸಮೇತ ಆಸ್ಪತ್ರೆಗೆ ಓಡಬೇಕು. ಒಂದು ದಿನ ತಡವಾದರೂ ನಳಿಕೆ ಹೋಗಬಹುದು, ಜೀವವೂ ಹೋಗಬಹುದು.

ಪ್ರನೋಮ್‌ಗೆ ಈಗ ಐವತ್ತಮೂರು. ಈಶಾನ್ಯ ಥಾಯ್ಲೆಂಡಿನಲ್ಲಿ, ಮೂನ್ ನದಿಯ ಆಚೀಚೆ ಹರಡಿದ ಹಳ್ಳಿಗಳ ನಡುವಿನ ಸಣ್ಣ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ಅಪ್ಪ ಅಮ್ಮ ಬೇಸಿಗೆಯಲ್ಲಿ ಸವುಳು ಮಣ್ಣು ತೊಳೆದು, ಆ ನೀರು ಕುದಿಸಿ ಉಪ್ಪು ತೆಗೆಯುತ್ತಿದ್ದವರು. ಆ ಹೊಗೆಯಲ್ಲೇ ಓದಿ ನರ್ಸ್ ಆದರು. ಈಗ ಅವರ ಪಟ್ಟಿಯಲ್ಲಿ ಅರವತ್ತೊಂದು ರೋಗಿಗಳಿದ್ದಾರೆ. ದಿನಕ್ಕೆ ಏಳು ಮನೆ, ಮೋಟರ್ ಬೈಕಿನಲ್ಲಿ ತೊಂಬತ್ತು ಕಿಲೋಮೀಟರ್. ಬುತ್ತಿಯಲ್ಲಿ ಅಂಟಕ್ಕಿ ಅನ್ನ, ಸುಟ್ಟ ಮೀನು. ಊಟ ಎಲ್ಲಿ ಎಂದರೆ, ಎಲ್ಲಿ ನೆರಳು ಸಿಗುತ್ತದೋ ಅಲ್ಲಿ.

ಅಚ್ಚಿನ ಮೇಲೆ ಚೀಲವಿಟ್ಟು ನೋಡುವುದು ಹಳೆಯ ಉಪಾಯ. ಪ್ರಶ್ನೆ ಇದ್ದದ್ದು ಯಾವ ಅಚ್ಚು ಎಂಬುದರಲ್ಲಿ. "ಈ ಮನೆಗಳಲ್ಲಿ ಪುಸ್ತಕ ಎಲ್ಲಿಂದ ಬರ್ಬೇಕು? ದಿನಪತ್ರಿಕೆ ಯಾರ್ ತರ್ತಾರೆ? ಆದ್ರೆ ತಿಂಗಳಿಗೆ ಎರಡ್ ಸಲ ಲಾಟರಿ ಹಾಳೆ ಬಂದೇ ಬರುತ್ತೆ. ಅಕ್ಷರ ಬರದೋರಿಗೂ ಅಂಕಿ ಬರುತ್ತೆ. ಅಷ್ಟು ಸಣ್ಣ ಅಂಕಿ ಓದೋ ಅಭ್ಯಾಸಾನೂ ಇರುತ್ತೆ, ಆಸೆ ನೋಡಿ!" ಎಂದು ಪ್ರನೋಮ್ ನಗುತ್ತಾರೆ. ಹೀಗೆ ಲಾಟರಿ ಹಾಳೆ ಅವರ ಜೇಬು ಸೇರಿತು. ಊರವರೂ ಒಪ್ಪಿಕೊಂಡರು. ಸೋಂಕು ಮೊದಲ ದಿನವೇ ಸಿಕ್ಕಿಬೀಳತೊಡಗಿತು.

ಇಲ್ಲಿಂದ ಮುಂದಿನದನ್ನು ಹೇಳುವಾಗ ಹೊಟ್ಟೆ ಉರಿಯುತ್ತದೆ.

ಮೂತ್ರಪಿಂಡ ತಜ್ಞರು ಪದವಿ ಪಡೆದ ಮೇಲೂ ಕಲಿಯುತ್ತಿರಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮವೇ. ಅದಕ್ಕೊಂದು ಕಲಿಕಾ ಮಂಡಳಿ, ಮಂಡಳಿಗೊಂದು ಜಾಲತಾಣ, ಅದರಲ್ಲಿ ಪಾಠಗಳು, ಪಾಠದ ಕೊನೆಗೆ ಪರೀಕ್ಷೆ, ಪಾಸಾದರೆ ಅಂಕ. ಅಂಕ ಸಾಲದಿದ್ದರೆ ತಜ್ಞರ ಪಟ್ಟ ಉಳಿಯದು. ನಾಲ್ಕು ವರ್ಷದ ಕೆಳಗೆ ಮಂಡಳಿಯ ತಜ್ಞರೊಬ್ಬರು ರಾಜಧಾನಿಯಿಂದ ಕ್ಯಾಮೆರಾ ಹಿಡಿದು ಬಂದರು. ಮೂರು ದಿನ ಪ್ರನೋಮ್ ಬೈಕಿನ ಹಿಂದೆ ಕೂತು ಮನೆ ಮನೆ ಸುತ್ತಿದರು. ಅವರ ಬುತ್ತಿಯ ಅನ್ನವನ್ನೇ ಉಂಡರು. ಹನ್ನೊಂದು ನಿಮಿಷದ ಪಾಠ ತಯಾರಾಯಿತು. ಅದರಲ್ಲಿ ಪ್ರನೋಮ್ ಕಾಣುವುದು ಮೊಣಕೈವರೆಗೆ ಮಾತ್ರ. ಹೆಸರು ಎಲ್ಲಿಯೂ ಇಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಕತೆ, ಹೊಸದೇನಲ್ಲ. ಪ್ರನೋಮ್ ಅದಕ್ಕೆ ತಲೆ ಕೆಡಿಸಿಕೊಳ್ಳಲೂ ಇಲ್ಲ.

ಆದರೆ ಪಾಠದಲ್ಲಿ ಲಾಟರಿ ಹಾಳೆ ಇರಲಿಲ್ಲ. ತಜ್ಞರ ಪಾಠದಲ್ಲಿ ಜೂಜಿನ ಕಾಗದವೇ ಎಂದು ಮಂಡಳಿಯ ದೊಡ್ಡವರಿಗೆ ಮುಜುಗರವಾಗಿತ್ತು. ಅದರ ಬದಲು ಅವರೊಂದು ಚೆಂದದ ಕಾರ್ಡ್ ಮಾಡಿಸಿದರು. ಹೊಳೆಯುವ ಕಾಗದ, ನೀಲಿ ಬಣ್ಣ, ಹೆಬ್ಬೆರಳ ಗಾತ್ರದ ಅಕ್ಷರದಲ್ಲಿ ‘ತಿಳಿ ನೀರು, ತುಂಬು ಬಾಳು’ ಎಂಬ ಘೋಷಣೆ. ಅಷ್ಟು ದಪ್ಪ ಅಕ್ಷರ ಅಕ್ಕಿ ತೊಳೆದ ನೀರಿನ ಹಿಂದಿದ್ದರೂ ಕಾಣುತ್ತದೆ. ಇಷ್ಟು ಸಣ್ಣ ವಿಷಯ ಅಷ್ಟೊಂದು ದೊಡ್ಡ ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಪಾಠ ದೇಶಕ್ಕೆಲ್ಲ ಹೋಯಿತು, ಕಾರ್ಡು ಪೆಟ್ಟಿಗೆಗಟ್ಟಲೆ ಆಸ್ಪತ್ರೆಗಳಿಗೆ ಬಂತು, ತಜ್ಞರೆಲ್ಲ ಅಂಕ ಗಳಿಸಿಕೊಂಡರು.

ಆ ಕಾರ್ಡು ಮೇ ಲಮೈ ಅವರ ಮನೆಗೂ ಬಂತು. ಲಾಟರಿ ಹಾಳೆಯ ಬದಲು ಪ್ರನೋಮ್ ತಾವೇ ಕೊಟ್ಟದ್ದು. "ಮೇಲಿನೋರು ಕಳಿಸಿದಾರೆ, ನನಗಿಂತ ಓದಿದೋರು, ನೋಡೇ ಮಾಡಿರ್ತಾರೆ ಅನ್ಕೊಂಡೆ. ನಾನೇ ಒಂದ್ ಸಲ ಚೀಲ ಇಟ್ಟು ನೋಡ್ಲಿಲ್ಲ. ಅದು ನನ್ ತಪ್ಪು" ಎನ್ನುತ್ತಾರೆ ಅವರು.

ಮೇ ಲಮೈ ಮನೆಯಲ್ಲೇ ಕೂತು ರೇಷ್ಮೆ ನೇಯುತ್ತಿದ್ದರು. ಚೀಲ ಬದಲಿಸುವುದು, ಮಗ್ಗಕ್ಕೆ ಕೂರುವುದು, ಮತ್ತೆ ಚೀಲ. ಹೋದ ವರ್ಷ ಎರಡು ದಿನ ಅವರ ನೀರು ಮಸುಕಾಗಿತ್ತು. ಎರಡೂ ದಿನ ಕಾರ್ಡಿನ ಅಕ್ಷರ ಕಂಡಿತು. ಮೂರನೆಯ ದಿನ ಹೊಟ್ಟೆ ಹಿಡಿದುಕೊಂಡು ಬಿದ್ದರು. ಜೀವ ಉಳಿಯಿತು, ನಳಿಕೆ ತೆಗೆಯಬೇಕಾಯಿತು. ಈಗ ವಾರಕ್ಕೆ ಮೂರು ದಿನ ಎಂಬತ್ತು ಕಿಲೋಮೀಟರ್ ದೂರದ ಊರಿಗೆ ಹೋಗಿ ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಕೈ ಒಡ್ಡಿ ಮಲಗುತ್ತಾರೆ. ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಹಾಗೇ ಇದೆ.

"ನಾನು ಸರಿಯಾಗೇ ಓದ್ದೆ ಮೊ. ದೇವ್ರಾಣೆ ಅಕ್ಷರ ಕಾಣ್ತಿತ್ತು. ನಿಮ್ ಹೆಸ್ರು ಕೆಡಿಸ್ಬಿಟ್ನಲ್ಲ" ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ಮೇ ಲಮೈ ಕೈ ಮುಗಿದಿದ್ದರು.

"ತಪ್ಪು ಮಾಡಿದೋರು ತಣ್ಣಗೆ ಎಸಿ ಕೆಳಗೆ ಕೂತಿದಾರೆ. ಈ ಅಮ್ಮ ನನ್ ಹತ್ರ ಕ್ಷಮೆ ಕೇಳ್ತಾಳೆ!" ಅದನ್ನು ಈಗ ನೆನೆದು ಪ್ರನೋಮ್ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ.

ಅವರು ಅಳುತ್ತ ಕೂರಲಿಲ್ಲ. ಮುಂದಿನ ಹತ್ತು ತಿಂಗಳು ಸೋಂಕೆಂದು ಪ್ರಯೋಗಾಲಯದಲ್ಲಿ ಖಚಿತವಾದ ಪ್ರತಿಯೊಂದು ಚೀಲವನ್ನೂ ಕಾರ್ಡು, ಲಾಟರಿ ಹಾಳೆ ಎರಡರ ಮೇಲೂ ಇಟ್ಟು ನೋಡಿದರು. ಅಕ್ಕಪಕ್ಕದ ಆಸ್ಪತ್ರೆಗಳ ಚೀಲವನ್ನೂ ಕೇಳಿ ತಂದರು. ಒಟ್ಟು ಇಪ್ಪತ್ತಮೂರು ಚೀಲ. ಮಂಡಳಿಯ ಕಾರ್ಡಿನ ಮೇಲೆ ಒಂಬತ್ತರಲ್ಲಿ ಅಕ್ಷರ ಚೆನ್ನಾಗಿ ಕಂಡಿತು. ಲಾಟರಿ ಹಾಳೆಯ ಮೇಲೆ ಅಂಕಿ ಓದಲು ಬಂದದ್ದು ಒಂದರಲ್ಲಿ ಮಾತ್ರ. ಇದನ್ನೆಲ್ಲ ಬರೆದು ಮಂಡಳಿಗೆ ಕಳಿಸಿದರು. ಒಂದಲ್ಲ, ಮೂರು ಕಾಗದ. ಮೂರಕ್ಕೂ ಒಂದೇ ಉತ್ತರ: ತಿದ್ದುಪಡಿ ಸೂಚಿಸುವವರು ತಮ್ಮ ತಜ್ಞ ನೋಂದಣಿ ಸಂಖ್ಯೆ ನಮೂದಿಸತಕ್ಕದ್ದು. ನರ್ಸಿಗೆ ಆ ಸಂಖ್ಯೆ ಎಲ್ಲಿಂದ ಬರಬೇಕು?

ಆಸ್ಪತ್ರೆಗೆ ಹೊಸದಾಗಿ ಬಂದ ತಜ್ಞ ಪಾಕಿನ್‌ಗೆ ಮೂವತ್ತನಾಲ್ಕು ವರ್ಷ. ಅವರು ತಮ್ಮ ಕಂಪ್ಯೂಟರಿನಲ್ಲಿ ಆ ಪಾಠ ತೆರೆದು, "ಅಕ್ಕಾ, ನೀವೇ ಒಂದ್ ಸಲ ಪರೀಕ್ಷೆ ತಗೊಳ್ಳಿ, ನೋಡೋಣ" ಎಂದು ಕೂರಿಸಿದರು. ಕಾರ್ಡಿನ ಅಕ್ಷರ ಕಂಡರೆ ಏನು ಮಾಡಬೇಕು ಎಂಬುದು ಏಳನೆಯ ಪ್ರಶ್ನೆ. ಪ್ರನೋಮ್ ಒತ್ತಿದ್ದು, ರೋಗಿಯನ್ನು ಆಸ್ಪತ್ರೆಗೆ ಕರೆಸಿ ಪರೀಕ್ಷಿಸಬೇಕು ಎಂಬುದನ್ನು. ಪರದೆಯ ಮೇಲೆ ಕೆಂಪು ಗುರುತು ಬಂತು. ಸರಿಯುತ್ತರ, ಏನೂ ಮಾಡಬೇಕಾಗಿಲ್ಲ. ತಾನೇ ಹೇಳಿಕೊಟ್ಟ ಪಾಠದಲ್ಲಿ ಗುರು ಫೇಲು!

ಕೊನೆಗೆ ಅದೇ ಕಾಗದಕ್ಕೆ ಪಾಕಿನ್ ತಮ್ಮ ಹೆಸರು, ಸಂಖ್ಯೆ ಹಾಕಿ ಕಳಿಸಿದರು. ಎಂಟೇ ದಿನದಲ್ಲಿ ಉತ್ತರ ಬಂತು. ಅಮೂಲ್ಯ ಅಧ್ಯಯನಕ್ಕಾಗಿ ಡಾಕ್ಟರ್ ಪಾಕಿನ್ ಅವರಿಗೆ ಅಭಿನಂದನೆ, ಜೊತೆಗೆ ಎರಡು ಅಂಕ. "ಇದು ನರ್ಸ್ ಪ್ರನೋಮ್ ಅವರ ಕೆಲಸ ಅಂತ ಕಾಗದದ ಮೊದಲನೇ ಸಾಲಲ್ಲೇ ಬರ್ದಿದ್ದೆ. ಅಕ್ಕನ ಮುಖ ನೋಡೋಕೆ ಆಗ್ಲಿಲ್ಲ ನನಗೆ. ಅಂಕ ವಾಪಸ್ ತಗೊಳ್ಳಿ ಅಂದ್ರೆ, ಅದಕ್ಕೆ ಅರ್ಜಿ ನಮೂನೇನೇ ಇಲ್ವಂತೆ" ಎನ್ನುತ್ತಾರೆ ಅವರು.

ಕಾರ್ಡು ಬದಲಾಗುತ್ತದೆಯೇ? ಬದಲಾಗುತ್ತದಂತೆ, ಪಾಠದ ಮುಂದಿನ ಆವೃತ್ತಿಯಲ್ಲಿ. ಅದು ಬರುವುದು ಎರಡು ವರ್ಷದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಅಲ್ಲಿಯವರೆಗೆ ಹಳೆಯ ಕಾರ್ಡೇ ಹಂಚಬೇಕು. ಈ ತಿಂಗಳೂ ಒಂದು ಪೆಟ್ಟಿಗೆ ಬಂದಿದೆ. ಪ್ರನೋಮ್ ಅದನ್ನು ಒಡೆಯದೆ ಕೈ ತೊಳೆಯುವ ತೊಟ್ಟಿಯ ಕೆಳಗೆ ನೂಕಿದ್ದಾರೆ. ಹಂಚದಿದ್ದಕ್ಕೆ ಕಾರಣ ಕೇಳಿ ಮೇಲಧಿಕಾರಿಯ ಚೀಟಿಯೂ ಬಂದಿದೆ. ಕೆಲಸಕ್ಕೆ ಕುತ್ತು ಬರಬಹುದು ಎಂದು ಜೊತೆಯವರು ಹೆದರಿಸುತ್ತಾರೆ.

"ಬರ್ಲಿ ಬಿಡಿ. ನನ್ ಅರವತ್ತೊಂದು ಜನಕ್ಕೆ ಲಾಟರಿ ಹಾಳೆ ಇದೆ, ನಾನಿದೀನಿ. ಬೇರೆ ಜಿಲ್ಲೆಗಳಲ್ಲಿ ಈಗ, ನಾವು ಮಾತಾಡ್ತಿರೋ ಹೊತ್ತಲ್ಲೇ, ಯಾರೋ ಒಬ್ಬ ಅಮ್ಮ ಮಸುಕು ನೀರು ಹಿಡ್ಕೊಂಡು ‘ಅಕ್ಷರ ಕಾಣ್ತಿದೆ’ ಅಂತ ಸಮಾಧಾನ ಮಾಡ್ಕೊಳ್ತಿರ್ತಾಳೆ. ನನಗೆ ಅನ್ನ ಇಳಿಯೋದಿಲ್ಲ" ಎನ್ನುತ್ತಾರೆ ಪ್ರನೋಮ್. ಅವರು ಬುನ್ಲಾ ಅವರ ಹಳೆಯ ನೀರನ್ನು ಚೆಲ್ಲಿ, ಕೈ ಒರೆಸಿಕೊಂಡು ಬೈಕಿನ ಹತ್ತಿರ ಬರುತ್ತಾರೆ. ಇನ್ನೂ ಆರು ಮನೆ ಬಾಕಿಯಿದೆ.

ಹೊಸ ಕಾರ್ಡಿನ ಮೇಲಾದರೂ ನಿಮ್ಮ ಹೆಸರು ಇರಬೇಕಲ್ಲವೇ ಎಂದು ಕೇಳಿದರೆ ಅವರು ಹೆಲ್ಮೆಟ್ ಪಟ್ಟಿ ಬಿಗಿದುಕೊಳ್ಳುತ್ತಾರೆ.

"ಹೆಸ್ರು ಬೇಡ. ಆಯಾ ಊರಿನ ನರ್ಸಿನ ಫೋನ್ ನಂಬರ್ ಹಾಕ್ಲಿ, ಎಷ್ಟು ಸಣ್ಣಕ್ಕೆ ಆಗುತ್ತೋ ಅಷ್ಟು ಸಣ್ಣಕ್ಕೆ. ಇಲ್ಲಿಗೆ ನಂದು. ನೀರಿನ ಹಿಂದೆ ಆ ನಂಬರ್ ಓದೋಕೆ ಬಂದ್ರೆ ಅವರಿಗೆ ನಾನು ಬೇಕಾಗಿಲ್ಲ. ಓದೋಕೆ ಬರ್ಲಿಲ್ಲ ಅಂದ್ರೆ, ಚೀಲ ಪಕ್ಕಕ್ಕಿಟ್ಟು ಅದಕ್ಕೇ ಫೋನ್ ಮಾಡ್ಲಿ. ನಾನು ಬರ್ತೀನಿ."