ಪಾರಾಯಣದ ಎರಡು ಪ್ರತಿಗಳು

ಅವರ ಬಲಗೈ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಬಿರಿದಿರುತ್ತಿದ್ದವು. ವಿಡಿಯೋ ಯಂತ್ರದಲ್ಲಿ ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ ಒರೆಸಿ ಆದದ್ದು. ಶಿರಸಿಯ ಬಸ್ ನಿಲ್ದಾಣದ ಸಮೀಪ, ಮಹಡಿಯ ಒಂದು ಕೋಣೆಯಲ್ಲಿ ಅವರ ವಿಡಿಯೋ ಸ್ಟುಡಿಯೋ. ಮದುವೆ, ಉಪನಯನಗಳ ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿಯದಿರಲೆಂದು ಕಪಾಟಿನೊಳಗೊಂದು ಬಲ್ಬು ಉರಿಸಿಡುತ್ತಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು. ಆದರೂ ಅವರನ್ನು ನೆನೆಯುವಾಗ ಏಕವಚನ ಬಾಯಿಗೆ ಬರುವುದಿಲ್ಲ.

ನನಗೆ ವೇದ ಹೇಳಿಕೊಟ್ಟ ಗುರುಗಳು ತಮ್ಮ ಕೊನೆಯ ವರ್ಷದಲ್ಲಿ, ಒಮ್ಮೆ ಮಾತ್ರ, ಕ್ಯಾಮೆರಾದ ಎದುರು ಪಾರಾಯಣ ಮಾಡಲು ಒಪ್ಪಿದ್ದರು. ಯಲ್ಲಾಪುರದ ಅವರ ಮನೆಗೆ ಹೋಗಿ ಚಿತ್ರಿಸಿದವರು ಇವರೇ. ಗುರುಗಳು ತೀರಿಕೊಂಡ ಮೇಲೆ ಅವರ ಸ್ವರದ ಪಾಠಕ್ರಮಕ್ಕೆ ಆ ಚಿತ್ರ ಬಿಟ್ಟರೆ ಬೇರೆ ಆಧಾರ ಉಳಿಯಲಿಲ್ಲ. ಅದನ್ನು ಸಿಡಿ ಮಾಡಿಸಿ ಶಿಷ್ಯರಿಗೆ ಕೊಡೋಣವೆಂದು ನಾನು ಮಹಡಿ ಹತ್ತಿ ಹೋದಾಗ ಅವರು ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕುಳಿತಿದ್ದರು.

"ತಪ್ಪಾತು ಭಟ್ರೇ. ಕರೆಂಟು ಹೋಗಿ ಬಂದ ಗಡಿಬಿಡಿಲಿ ಆನೇ ಗುರುಗಳ ನಾಲ್ಕೂ ಕ್ಯಾಸೆಟ್ಟು ಎರಡು ಸಲ ಕಂಪ್ಯೂಟರಿಗೆ ಇಳಿಸಿಬಿಟ್ಟಿದ್ದಿ. ಡಿಸ್ಕು ತುಂಬಿ ಹೋತು. ಸಿಡಿ ಮಾಡಲೆ ಜಾಗ ಇಲ್ಲೆ."

"ಒಂದು ಅಳಿಸಿದ್ರೆ ಆತಪ."

"ಆಮೇಲೆ ಕಪಾಟಿನ ಬಲ್ಬು ಸುಟ್ಟು ಹೋಗಿ ಕ್ಯಾಸೆಟ್ಟು ಬೂಸ್ಟು ಬಂದು ಹಾಳಾಯ್ದು. ಇನ್ನು ಇಪ್ಪದು ಇವೆರಡೇ. ಯಾವುದು ಪೂರ್ತಿ ಇದ್ದು ಹೇಳಿ ನಿಂಗನೇ ಹೇಳವು. ಯಂಗೆ ಗಾಯತ್ರಿ ಬಿಟ್ರೆ ಮುಂದೆ ಎಂತೂ ಬತ್ತಿಲ್ಲೆ."

ಮೊದಲ ಪ್ರತಿಯನ್ನು ಕೇಳಲು ಕುಳಿತೆ. ಪಾಠ ಕೇಳುವಾಗ ಕಣ್ಣು ಮುಚ್ಚುವುದು ನನ್ನ ಅಭ್ಯಾಸ. ಗುರುಗಳ ಸ್ವರದೊಂದಿಗೆ ನಾನೂ ಮನಸ್ಸಿನಲ್ಲಿಯೇ ಹೇಳಿಕೊಳ್ಳುತ್ತ ಹೋದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಡು ಸೋತು, ಕಿವಿ ದಣಿದು, ಒಮ್ಮೆ ಮುಗಿದರೆ ಸಾಕೆನ್ನಿಸಿತ್ತು. ಮುಗಿದದ್ದೇ, "ಇದು ಪೂರ್ತಿ ಇದ್ದು. ಇನ್ನೊಂದು ಅಳಿಸಿ" ಎಂದೆ.

ಅವರು ಅಳಿಸಲಿಲ್ಲ. ಸ್ವಲ್ಪ ಹಿಂದಕ್ಕೆ ಸರಿಸಿ, "ಇಲ್ಲಿ ಕೈ ಹಾರ್ತು, ನೋಡಿ" ಎಂದರು.

ಸ್ವರಕ್ಕೆ ತಕ್ಕಂತೆ ಬಲಗೈ ಏರಿಳಿಸುವುದು ಗುರುಗಳ ಕ್ರಮ. ತೆರೆಯ ಮೇಲೆ ಹೆಗಲೆತ್ತರಕ್ಕೆ ಏರಿದ್ದ ಆ ಕೈ, ಮರುಕ್ಷಣದಲ್ಲಿ ಇಳಿಯದೆಯೇ ತೊಡೆಯ ಮೇಲಿತ್ತು. ನಡುವೆ ಅರ್ಧ ಋಕ್ಕು ಇರಲಿಲ್ಲ. ನಾನು ಅದನ್ನು ಕೇಳಿದಂತೆಯೇ ಮುಂದೆ ಹೋಗಿದ್ದೆ! ಯಂತ್ರ ಬಿಟ್ಟದ್ದನ್ನು ನನ್ನ ನೆನಪು ತುಂಬಿಕೊಟ್ಟಿತ್ತು. ಅಂಥವು ಇನ್ನೂ ಮೂರು ಸಿಕ್ಕವು. ನಲವತ್ತು ವರ್ಷ ನಂಬಿದ ಕಿವಿಯ ಬಗ್ಗೆ ಅಂದು ನನಗಾದ ನಾಚಿಕೆ ಹೇಳಲಾಗದ್ದು.

"ಬೇಜಾರು ಮಾಡ್ಕಳಡಿ" ಎಂದರು ಅವರು. "ನಿಂಗ ಕಣ್ಣು ಮುಚ್ಕಂಡಿದ್ರಿ, ಆನು ಬಿಟ್ಕಂಡಿದ್ದಿ. ಯಂಗೆ ವೇದ ಬತ್ತಿಲ್ಲೆ ಹೇಳಿ ನೋಡ್ತಾ ಕೂತಿದ್ದಿ, ಅಷ್ಟೇಯ."

ಎರಡನೆಯ ಪ್ರತಿಯಲ್ಲಿ ಆ ನಾಲ್ಕೂ ಜಾಗಗಳು ಸರಿಯಾಗಿದ್ದವು. ಆದರೆ ಡಿಸ್ಕು ತುಂಬಿದ್ದರಿಂದ ಅದು ಮುಕ್ತಾಯಕ್ಕೆ ಮೊದಲೇ ನಿಂತಿತ್ತು. ಎರಡನ್ನೂ ಇಟ್ಟುಕೊಂಡೇ ಜೋಡಿಸಬೇಕು, ಅದಕ್ಕೆ ಡಿಸ್ಕಿನಲ್ಲಿದ್ದ ಬೇರೆ ಯಾವುದಾದರೂ ಮದುವೆಯನ್ನು ತೆಗೆಯಬೇಕು. ಒಂದು ಮನೆಯ ಚಿತ್ರವನ್ನು ಆ ಮನೆಯವರನ್ನು ಕೇಳದೆ ಅಳಿಸುವವರಲ್ಲ ಅವರು. ಒಂದೊಂದಾಗಿ ಫೋನು ಮಾಡತೊಡಗಿದರು. ಸಿದ್ದಾಪುರದ ಒಂದು ಮನೆಯ ಮಾತು ಮುಗಿಸಿ ರಿಸೀವರ್ ಇಟ್ಟು, "ಅವರ ಅಜ್ಜಿ ಹೋದ ವರ್ಷ ತೀರಿಕೊಂಡಿದಡ. ಇದರಲ್ಲಿ ನಗ್ತಾ ಕೂತಿದ್ದು. ತೆಗೆಯಲೆ ಆಗ್ತಿಲ್ಲೆ" ಎಂದು ಮುಂದಿನ ನಂಬರು ಒತ್ತಿದರು. ಸಂಜೆಯಾಗುತ್ತ ಬಂದಾಗ ಬನವಾಸಿ ಕಡೆಯ ಒಬ್ಬರು ಒಪ್ಪಿದರು. ಅವರ ದೊಡ್ಡ ದನಿ ನನಗೂ ಕೇಳಿಸುತ್ತಿತ್ತು: "ತೆಗೀರಿ ಸರ. ಸಿಡಿ ಮನ್ಯಾಗ ಐತಲ್ಲ. ಅದರಾಗ ನಮ್ಮ ಮಾವ ಊಟದ ಪಂಕ್ತ್ಯಾಗ ಜಗಳ ತೆಗದಾನ, ನಿಮ್ಮಲ್ಲಿಂದ ಅದು ಹೋದ್ರ ನಮಗೂ ಚಲೋನ ಆತು."

ಆ ಮದುವೆ ಬಿಟ್ಟುಕೊಟ್ಟ ಜಾಗದಲ್ಲಿ ಗುರುಗಳ ಪಾರಾಯಣ ಇಡಿಯಾಯಿತು. ಅದಕ್ಕೆ ಮತ್ತೆ ನಾಲ್ಕು ದಿನ ಹಿಡಿಯಿತು.

ಕೆಲವು ವರ್ಷಗಳ ನಂತರ ಅವರು ಎದೆನೋವಿನಿಂದ ತೀರಿಕೊಂಡರು. ಸುದ್ದಿ ತಿಳಿದು ನಾನು ಮುಟ್ಟುವಷ್ಟರಲ್ಲಿ ದಹನವೂ ಮುಗಿದಿತ್ತು. ಈಗ ನನ್ನ ಶಿಷ್ಯರು ಪಾಠ ಒಪ್ಪಿಸುವಾಗ ನಾನು ಕಣ್ಣು ಮುಚ್ಚುವುದಿಲ್ಲ. ಬಾಯಿಪಾಠ ಬರುವುದಾದರೂ ಪುಸ್ತಕ ತೆರೆದು ಬೆರಳಿಟ್ಟುಕೊಂಡೇ ಕೇಳುತ್ತೇನೆ. ಮಹಾಲಯದಲ್ಲಿ ತರ್ಪಣ ಬಿಡುವಾಗ ಮೊದಲ ವರ್ಷ ಅವರನ್ನು ಮಿತ್ರರ ಸಾಲಿನಲ್ಲಿ ಹೇಳಿದ್ದೆ. ಮರುವರ್ಷದಿಂದ ಗುರುಗಳ ಸಾಲಿನಲ್ಲಿ ಹೇಳುತ್ತಿದ್ದೇನೆ.